ಯೋನಿಯ ತುರಿಕೆ: ಮುಲಾಮು ಹಚ್ಚುವ ಮೊದಲು ನೋಡಬೇಕಾದದ್ದು, ಆಮೇಲೆ ಮಾಡಬೇಕಾದದ್ದು

ವಿಜಯಪುರದ ಕಡೆಯ ಹೆಣ್ಣುಮಕ್ಕಳು ಈ ತೊಂದರೆಯನ್ನು ವೈದ್ಯರ ಮುಂದೆ ನೇರವಾಗಿ ಹೇಳುವುದು ಅಪರೂಪ. ಸೊಂಟನೋವು, ಸುಸ್ತು, ಉರಿಮೂತ್ರ ಎಂದು ಮಾತು ತೆಗೆದು, ಜೊತೆಗೆ ಬಂದ ಅತ್ತೆಯೋ ಮಗನೋ ಹೊರಗೆ ಹೋದ ಮೇಲೆ, ಎದ್ದು ಹೊರಡುವ ಹೊತ್ತಿಗೆ ದನಿ ತಗ್ಗಿಸಿ “ಮೇಡಮ್ಮಾರ, ಕೆಳಗ ಭಾಳ ತಿಂಡಿ ಬಿಟ್ಟೈತ್ರಿ” ಎನ್ನುತ್ತಾರೆ. ವಿಚಾರಿಸಿದರೆ ತುರಿಕೆ ಶುರುವಾಗಿ ಎರಡು ಮೂರು ತಿಂಗಳಾಗಿರುತ್ತದೆ. ಅಷ್ಟರಲ್ಲಿ ‘ಉಷ್ಣ’ ಆಗಿದೆಯೆಂದು ಕಾಮಕಸ್ತೂರಿ ಬೀಜದ ನೀರು ಕುಡಿದು, ಬೇವಿನ ಎಲೆ ಕುದಿಸಿದ ನೀರಿನಲ್ಲಿ ತೊಳೆದು, ಕೊನೆಗೆ ಮೆಡಿಕಲ್ ಅಂಗಡಿಯಿಂದ ಒಂದು ಟ್ಯೂಬು ತರಿಸಿ ಹಚ್ಚಿದ್ದೂ ಆಗಿರುತ್ತದೆ. ಈ ಒಂದೇ ಲಕ್ಷಣದ ಹಿಂದೆ ಏಳೆಂಟು ಬೇರೆ ಬೇರೆ ಕಾರಣಗಳಿರುತ್ತವೆ, ಒಂದಕ್ಕೆ ಮದ್ದಾಗುವುದು ಇನ್ನೊಂದನ್ನು ಕೆರಳಿಸುತ್ತದೆ. ಹಾಗಾಗಿ ಯಾವ ಔಷಧ ಎಂದು ಕೇಳುವ ಮೊದಲು ಯಾವ ತುರಿಕೆ ಎಂದು ಕಂಡುಕೊಳ್ಳಬೇಕಾಗುತ್ತದೆ.

ಮೊದಲು, ಹಚ್ಚುತ್ತಿರುವುದನ್ನೆಲ್ಲ ನಿಲ್ಲಿಸಿ

ಯೋನಿಯ ಒಳಭಾಗ ತನ್ನನ್ನು ತಾನೇ ಶುಚಿಯಾಗಿ ಇಟ್ಟುಕೊಳ್ಳುತ್ತದೆ. ಅಲ್ಲಿ ವಾಸಿಸುವ ಲ್ಯಾಕ್ಟೋಬ್ಯಾಸಿಲಸ್ ಎಂಬ ಉಪಕಾರಿ ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲವನ್ನು ಉತ್ಪಾದಿಸಿ ಅಲ್ಲಿನ ಪಿಎಚ್ ಮಟ್ಟವನ್ನು (ಹುಳಿತನದ ಅಳತೆ) 3.8ರಿಂದ 4.5ರೊಳಗೆ ಹಿಡಿದಿಡುವುದರಿಂದ, ಬೇರೆ ಸೋಂಕುಗಳಿಗೆ ಸುಲಭವಾಗಿ ಎಡೆ ಸಿಗುವುದಿಲ್ಲ. ಸೋಪು, ನಂಜುನಾಶಕ ದ್ರಾವಣ, ಸುವಾಸನೆಯ ಇಂಟಿಮೇಟ್ ವಾಶ್ ಇವುಗಳಿಂದ ಒಳಗೆ ತೊಳೆದರೆ ಕೆಡುವುದು ಈ ಕಾವಲೇ. ಇಂಡಿ ತಾಲ್ಲೂಕಿನ ಲಿಂಬೆಯ ರಸವನ್ನು ನೀರಿಗೆ ಹಿಂಡಿ ತೊಳೆದುಕೊಂಡು ಚರ್ಮ ಸುಟ್ಟಂತೆ ಮಾಡಿಕೊಂಡವರನ್ನೂ ನಾನು ನೋಡಿದ್ದೇನೆ. ಸುವಾಸನೆಯ ಪ್ಯಾಡು, ಪೌಡರ್, ಕೂದಲು ತೆಗೆಯುವ ಕ್ರೀಮು, ಸರಿಯಾಗಿ ಜಾಲಿಸದ ಬಟ್ಟೆಯಲ್ಲಿ ಉಳಿದ ಸೋಪಿನ ಪುಡಿ ಕೂಡ ತುರಿಕೆಗೆ ಕಾರಣವಾಗಬಹುದು. ಇವುಗಳನ್ನೆಲ್ಲ ಬಿಟ್ಟು, ಹೊರಭಾಗವನ್ನು ಮಾತ್ರ ಬರಿಯ ಉಗುರುಬೆಚ್ಚಗಿನ ನೀರಿನಲ್ಲಿ ದಿನಕ್ಕೆ ಒಂದೆರಡು ಸಲ ತೊಳೆದು, ಉಜ್ಜದೆ ಒತ್ತಿ ಒರೆಸಿಕೊಳ್ಳಿ. ಅಲರ್ಜಿಯಿಂದ ಬಂದ ತುರಿಕೆ ಇಷ್ಟರಿಂದಲೇ ಒಂದೆರಡು ವಾರದಲ್ಲಿ ತಗ್ಗುವುದುಂಟು.

ಅಂಗಡಿಯ ಟ್ಯೂಬಿನ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಅದರ ಮೇಲೆ ಕ್ಲೋಬೆಟಾಸಾಲ್ ಅಥವಾ ಬೆಟಾಮೆಥಾಸೋನ್ ಎಂದು ಬರೆದಿದ್ದರೆ ಅದರಲ್ಲಿ ಸ್ಟಿರಾಯ್ಡ್ ಇದೆ ಎಂದರ್ಥ. ಇಂಥ ಮಿಶ್ರಣದ ಮುಲಾಮು ಹಚ್ಚಿದ ಎರಡೇ ದಿನದಲ್ಲಿ ತುರಿಕೆ ಅಡಗುತ್ತದೆ, ‘ಔಷಧ ಹತ್ತಿತು’ ಎಂಬ ಸಮಾಧಾನವೂ ಆಗುತ್ತದೆ. ಆದರೆ ತುರಿಕೆ ಶಿಲೀಂಧ್ರದಿಂದ (ಫಂಗಸ್) ಬಂದದ್ದಾದರೆ ಅದು ಒಳಗೆ ಹಬ್ಬುತ್ತಲೇ ಇರುತ್ತದೆ. ಮುಲಾಮು ಬಿಟ್ಟ ಕೂಡಲೇ ತುರಿಕೆ ಮೊದಲಿಗಿಂತ ಜೋರಾಗಿ ಮರಳುತ್ತದೆ, ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಬಿರಿಯುತ್ತದೆ. ವೈದ್ಯರು ನೋಡಿ ಬರೆದುಕೊಟ್ಟಲ್ಲದೆ ಅದನ್ನು ಮುಟ್ಟಬೇಡಿ.

ಎರಡನೆಯದಾಗಿ, ಸ್ರಾವವನ್ನು ಗಮನಿಸಿ

ಬಿಳಿ ಹೋಗುವುದೆಲ್ಲ ಕಾಯಿಲೆಯಲ್ಲ. ತಿಳಿಯಾಗಿ ಅಥವಾ ಹಾಲುಬಿಳುಪಾಗಿ, ದುರ್ವಾಸನೆಯಿಲ್ಲದೆ, ತಿಂಗಳಿನ ದಿನಗಳಿಗೆ ತಕ್ಕಂತೆ ಹೆಚ್ಚು ಕಡಿಮೆಯಾಗುವ ಸ್ರಾವ ಸಹಜವಾದದ್ದು. ಅದು ಒಡೆದ ಮೊಸರಿನಂತೆ ಗಟ್ಟಿಯಾಗಿ, ವಾಸನೆಯಿಲ್ಲದೆ, ವಿಪರೀತ ತುರಿಕೆ, ಕೆಂಪು ಮತ್ತು ಊತದೊಡನೆ ಬಂದರೆ ಬಹುಮಟ್ಟಿಗೆ ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು. ಪ್ರತಿ 4 ಮಹಿಳೆಯರಲ್ಲಿ ಸುಮಾರು 3 ಮಂದಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ಬರುತ್ತದೆ. ಬೂದು ಬಣ್ಣದ ತೆಳು ಸ್ರಾವದ ಜೊತೆ ಮೀನಿನಂಥ ವಾಸನೆಯಿದ್ದರೆ ಬ್ಯಾಕ್ಟೀರಿಯಲ್ ವೆಜೈನೋಸಿಸ್, ಅಂದರೆ ಯೋನಿಯ ಬ್ಯಾಕ್ಟೀರಿಯಾಗಳ ಸಮತೋಲನ ತಪ್ಪಿದ ತೊಂದರೆ, ಇರಬಹುದು. ಇದರಲ್ಲಿ ತುರಿಕೆ ಕಡಿಮೆ. ಹಳದಿ-ಹಸಿರು ಬಣ್ಣದ, ನೊರೆಯಂಥ, ಕೆಟ್ಟ ವಾಸನೆಯ ಸ್ರಾವವಿದ್ದು ಕೂಡುವಾಗ ನೋವಾಗುತ್ತಿದ್ದರೆ ಲೈಂಗಿಕ ಸಂಪರ್ಕದಿಂದ ಹರಡುವ ಟ್ರೈಕೊಮೊನಾಸ್ ಎಂಬ ಪರಾವಲಂಬಿಯ ಸೋಂಕನ್ನು ಶಂಕಿಸಬೇಕಾಗುತ್ತದೆ. ಈ ಲಕ್ಷಣಗಳು ಒಂದರೊಳಗೊಂದು ಬೆರೆಯುವುದೂ ಉಂಟಾದ್ದರಿಂದ, ಬಣ್ಣ ನೋಡಿ ತಾವೇ ಔಷಧ ಕೊಳ್ಳುವುದಕ್ಕಿಂತ, ಕಂಡದ್ದನ್ನು ವೈದ್ಯರಿಗೆ ಸ್ಪಷ್ಟವಾಗಿ ಹೇಳುವುದಕ್ಕೆ ಈ ಗಮನಿಕೆಯನ್ನು ಬಳಸಿಕೊಳ್ಳಿ.

ಸ್ರಾವವೇ ಇಲ್ಲದ ತುರಿಕೆಯೂ ಇದೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಇಳಿದು ಯೋನಿಯ ಪದರ ತೆಳುವಾಗಿ, ಒಣಗಿ, ಉರಿ ಮತ್ತು ತುರಿಕೆ ಹುಟ್ಟುತ್ತವೆ. ‘ಈ ವಯಸ್ಸಿನಲ್ಲಿ ಇದನ್ನೇನು ಹೇಳುವುದು’ ಎಂದು ಸಹಿಸಿಕೊಂಡೇ ಇರುವ ಹಿರಿಯ ತಾಯಂದಿರು ನಮ್ಮಲ್ಲಿ ಬಹಳ. ಈಸ್ಟ್ರೋಜನ್ ಕ್ರೀಮು ಅವರಿಗೆ ಒಳ್ಳೆಯ ಪರಿಹಾರ ಕೊಡಬಲ್ಲದು. ಸ್ತನ ಕ್ಯಾನ್ಸರ್ ಆಗಿದ್ದವರು ಅದನ್ನು ಮೊದಲೇ ತಿಳಿಸಬೇಕು. ಚರ್ಮ ಬೆಳ್ಳಗಾಗಿ ಹಾಳೆಯಂತೆ ಸುಕ್ಕುಗಟ್ಟಿದ್ದರೆ ಲೈಕನ್ ಸ್ಕ್ಲಿರೋಸಸ್ ಎಂಬ ಚರ್ಮರೋಗವಿರಬಹುದು; ಮುಂದೆ ಕ್ಯಾನ್ಸರಿಗೆ ತಿರುಗುವ ಸಣ್ಣ ಸಾಧ್ಯತೆ ಅದರಲ್ಲಿ ಇರುವುದರಿಂದ ತಪಾಸಣೆಯನ್ನು ಮುಂದೂಡಬಾರದು. ಚಿಕ್ಕ ಹುಡುಗಿಯರು ರಾತ್ರಿ ಹೊತ್ತು ತುರಿಸಿಕೊಳ್ಳುತ್ತಿದ್ದರೆ ಹೆಚ್ಚಾಗಿ ಅದು ದಾರದಂಥ ಸಣ್ಣ ಜಂತುಹುಳುವಿನ ಕೆಲಸ.

ಸಕ್ಕರೆಯನ್ನು ಮರೆಯಬೇಡಿ

ಮೇಲಿಂದ ಮೇಲೆ ಶಿಲೀಂಧ್ರದ ತುರಿಕೆ ಬರುತ್ತಿದ್ದರೆ ರಕ್ತದ ಸಕ್ಕರೆಯನ್ನು ಪರೀಕ್ಷಿಸಲೇಬೇಕು, ಏಕೆಂದರೆ ಎಷ್ಟೋ ಮಹಿಳೆಯರಲ್ಲಿ ಮಧುಮೇಹ ಮೊದಲು ಕಾಣಿಸಿಕೊಳ್ಳುವುದೇ ಈ ರೂಪದಲ್ಲಿ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಕಾಯಿಲೆಯ ಗುಳಿಗೆಗಳು ಹೆಚ್ಚುವರಿ ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವುದರಿಂದ, ಅವುಗಳನ್ನು ತೆಗೆದುಕೊಳ್ಳುವವರಲ್ಲಿ ಈ ಸೋಂಕು ಹೆಚ್ಚು. ಹಾಗೆಂದು ಗುಳಿಗೆಯನ್ನು ತಾವೇ ನಿಲ್ಲಿಸಬಾರದು. ಸಕ್ಕರೆ ನೋಡುವ ವೈದ್ಯರಿಗೂ ತುರಿಕೆಯ ವಿಷಯ ತಿಳಿಸಬೇಕು. ಇತ್ತೀಚೆಗೆ ಬೇರೆ ಕಾಯಿಲೆಗೆ ಆಂಟಿಬಯಾಟಿಕ್ ನುಂಗಿದ್ದು, ಗರ್ಭಿಣಿಯಾಗಿರುವುದು ಕೂಡ ಹೇಳಬೇಕಾದ ಸಂಗತಿಗಳೇ.

ತಪಾಸಣೆ ಮತ್ತು ಚಿಕಿತ್ಸೆ

ಜಿಲ್ಲಾ ಆಸ್ಪತ್ರೆಗಳಲ್ಲಿ ‘ಸುರಕ್ಷಾ ಕ್ಲಿನಿಕ್’ ಎಂಬ ಹೆಸರಿನ ಪ್ರತ್ಯೇಕ ವಿಭಾಗವಿದ್ದು, ಜನನಾಂಗದ ಸೋಂಕುಗಳಿಗೆ ಅಲ್ಲಿ ಉಚಿತವಾಗಿ, ಗುಟ್ಟು ಕಾಯ್ದು ಚಿಕಿತ್ಸೆ ಕೊಡುತ್ತಾರೆ. ಹಳ್ಳಿಯಲ್ಲಿರುವವರು ಆಶಾ ಕಾರ್ಯಕರ್ತೆಯನ್ನು ಕೇಳಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬಹುದು. ತಪಾಸಣೆ ಕೆಲವೇ ನಿಮಿಷಗಳದ್ದು. ಸ್ರಾವದ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಲವು ಸಲ ಕಾರಣ ಅಲ್ಲೇ ತಿಳಿಯುತ್ತದೆ. ಹಿಂದಿನ ದಿನ ಒಳಗೆ ತೊಳೆದುಕೊಂಡಾಗಲಿ ಮುಲಾಮು ಹಾಕಿಕೊಂಡಾಗಲಿ ಹೋಗಬೇಡಿ.

ಕ್ಯಾಂಡಿಡಾಕ್ಕೆ ಸಾಮಾನ್ಯವಾಗಿ ಕ್ಲೋಟ್ರಿಮಜೋಲ್ ಗುಳಿಗೆಯನ್ನು ಯೋನಿಯೊಳಗೆ ಇಟ್ಟುಕೊಳ್ಳಲು ಕೊಡುತ್ತಾರೆ: 500 ಮಿ.ಗ್ರಾಂನದಾದರೆ ಒಂದೇ ರಾತ್ರಿ, 100 ಮಿ.ಗ್ರಾಂನದಾದರೆ ಆರೇಳು ರಾತ್ರಿ. ಇದನ್ನು ನುಂಗಬಾರದು. ಮಲಗುವ ಮುನ್ನ ಕೈ ತೊಳೆದು, ಅಂಗಾತ ಮಲಗಿ ಮೊಣಕಾಲು ಮಡಚಿ, ಬೆರಳಿನಿಂದಲೋ ಪೊಟ್ಟಣದಲ್ಲಿ ಬಂದ ಕೊಳವೆಯಿಂದಲೋ ಆದಷ್ಟು ಒಳಗೆ ಸೇರಿಸಿ, ಮತ್ತೆ ಏಳದೆ ಮಲಗಬೇಕು. ನುಂಗುವ ಫ್ಲೂಕೊನಜೋಲ್ 150 ಮಿ.ಗ್ರಾಂ ಗುಳಿಗೆ ಒಂದೇ ಸಾಕಾಗುವುದಾದರೂ ಗರ್ಭಿಣಿಯರಿಗೆ ಅದು ಬೇಡ. ಬ್ಯಾಕ್ಟೀರಿಯಲ್ ವೆಜೈನೋಸಿಸ್ ಮತ್ತು ಟ್ರೈಕೊಮೊನಾಸ್ ಎರಡಕ್ಕೂ ಹೆಚ್ಚಾಗಿ ಮೆಟ್ರೊನಿಡಜೋಲ್ ಗುಳಿಗೆಯನ್ನು 7 ದಿನ ಕೊಡುತ್ತಾರೆ. ಟ್ರೈಕೊಮೊನಾಸ್ ಇದ್ದರೆ ಗಂಡನಿಗೆ ಯಾವ ಲಕ್ಷಣವೂ ಇಲ್ಲದಿದ್ದರೂ ಚಿಕಿತ್ಸೆ ಆಗಬೇಕು. ಇಬ್ಬರದೂ ಮುಗಿದು ಲಕ್ಷಣಗಳು ಹೋಗುವವರೆಗೆ ಕೂಡಬಾರದು. ಕ್ಯಾಂಡಿಡಾ ಹಾಗಲ್ಲ. ಅದು ನಮ್ಮ ಮೈಯಲ್ಲೇ ಇರುವ ಶಿಲೀಂಧ್ರ ಹೆಚ್ಚಾದದ್ದಷ್ಟೇ ಆದ್ದರಿಂದ, ಅದು ಬಂದಿತೆಂದು ಹೆಂಡತಿಯನ್ನಾಗಲಿ ಗಂಡನನ್ನಾಗಲಿ ಅನುಮಾನಿಸುವುದು ದೊಡ್ಡ ಅನ್ಯಾಯ.

ಔಷಧದ ಜೊತೆಗೆ ಬಟ್ಟೆಯ ವಿಷಯವೂ ಇದೆ. ಒಳ ಉಡುಪನ್ನು ಯಾರಿಗೂ ಕಾಣಬಾರದೆಂದು ಒದ್ದೆ ಸೀರೆಯ ಕೆಳಗೆ ಒಣಹಾಕುವ ರೂಢಿಯಿಂದ ಅದು ಪೂರ್ತಿ ಒಣಗುವುದೇ ಇಲ್ಲ. ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲು ಅಂಗಳದಲ್ಲೇ ಇರುವಾಗ ಅದನ್ನು ಬಳಸಿಕೊಳ್ಳದೆ ಇರುವುದೇಕೆ? ಇಳಕಲ್ಲಿನ ಕೈಮಗ್ಗದ ಮುಂದೆ ದಿನವಿಡೀ ಕೂರುವವರಿಗೆ, ಬೆಳಗಾವಿ-ಬಾಗಲಕೋಟೆಯ ಹೊಲಗಳಲ್ಲಿ ಕಬ್ಬು ಕಡಿಯುವ ಗ್ಯಾಂಗಿನ ಹೆಣ್ಣುಮಕ್ಕಳಿಗೆ ಬೆವರು ಆರಿಸಿಕೊಳ್ಳಲು, ತೊಳೆದುಕೊಳ್ಳಲು ಬಿಡುವೂ ನೀರೂ ಸಿಗುವುದಿಲ್ಲ. ಅವರಿಗೆ ‘ಸ್ವಚ್ಛತೆ ಇಲ್ಲ’ ಎಂದು ಬೈಯುವುದಕ್ಕೆ ನನಗೆ ಮನಸ್ಸಿಲ್ಲ. ಮಧ್ಯಾಹ್ನ ಬದಲಿಸಲು ಒಂದು ಒಣಗಿದ ಹತ್ತಿಯ ಒಳ ಉಡುಪು ಚೀಲದಲ್ಲಿರಲಿ ಎಂದಷ್ಟೇ ಹೇಳುತ್ತೇನೆ.

ಕಿಬ್ಬೊಟ್ಟೆ ನೋವು ಮತ್ತು ಜ್ವರ, ಹುಣ್ಣು, ಮುಟ್ಟು ನಿಂತವರಲ್ಲಿ ರಕ್ತ, ಚಿಕ್ಕ ಹುಡುಗಿಯಲ್ಲಿ ಸ್ರಾವ, ಇವುಗಳಲ್ಲಿ ಒಂದು ಕಂಡರೂ ಅಂದೇ ವೈದ್ಯರ ಬಳಿಗೆ ಹೋಗಬೇಕು. ಔಷಧ ಮುಗಿದ ಮೇಲೂ ತುರಿಕೆ ಉಳಿದರೆ ಅಥವಾ ವರ್ಷಕ್ಕೆ ಮೂರು ನಾಲ್ಕು ಸಲ ಮರುಕಳಿಸಿದರೆ ಹಳೆಯ ಚೀಟಿಯನ್ನೇ ತೋರಿಸಿ ಅದೇ ಔಷಧ ತರಬೇಡಿ. ಈವರೆಗೆ ಹಚ್ಚಿದ ಟ್ಯೂಬುಗಳನ್ನೂ ನುಂಗಿದ ಗುಳಿಗೆಗಳ ಖಾಲಿ ಪಟ್ಟಿಗಳನ್ನೂ ಕೈಚೀಲದಲ್ಲಿ ಹಾಕಿಕೊಂಡು ವೈದ್ಯರ ಬಳಿ ಹೋಗಿ, ಬಾಯಲ್ಲಿ ಹೇಳಲು ನಾಚಿಕೆಯಾದರೆ ಅವನ್ನು ಮೇಜಿನ ಮೇಲೆ ಇಡಿ; ಅಲ್ಲಿಂದ ಮುಂದಿನ ಪ್ರಶ್ನೆಗಳನ್ನು ವೈದ್ಯರೇ ಕೇಳುತ್ತಾರೆ.