ದಶಮಿಯ ನೀರಿನಲ್ಲಿ ಆಂಗಲ್‌ಸೀ ಪ್ರದಕ್ಷಿಣೆ

ವೇಲ್ಸ್‌ನ ಆಂಗಲ್‌ಸೀ ದ್ವೀಪವನ್ನು ಕಯಾಕ್‌ನಲ್ಲಿ ಸುತ್ತಬೇಕಾದರೆ ಹುಣ್ಣಿಮೆ ಅಥವಾ ಅಮಾವಾಸ್ಯೆಯ ದೊಡ್ಡ ಭರತವನ್ನೇ ಹಿಡಿಯಬೇಕು, ಅರ್ಧ ಕೆಲಸವನ್ನು ನೀರೇ ಮಾಡುತ್ತದೆ ಎಂಬುದು ನಮ್ಮ ಕ್ಲಬ್ಬಿನ ಹಿರಿಯರ ಮತ. ಅವರಲ್ಲಿ ಕೆಲವರು ಒಂದೇ ದಿನದಲ್ಲಿ ಸುತ್ತಿ ಬಂದವರಾದ್ದರಿಂದ ಎದುರು ಮಾತನಾಡುವ ಧೈರ್ಯ ನನಗಿರಲಿಲ್ಲ. ಆದರೂ ಕಳೆದ ಜೂನ್‌ನಲ್ಲಿ ನಾನು ಅಷ್ಟಮಿ ಕಳೆದ ಮೇಲಿನ ಸಣ್ಣ ನೀರನ್ನು, ಎಂದರೆ ಏರಿಳಿತ ಕಡಿಮೆಯಿರುವ ದಿನಗಳನ್ನು ಆರಿಸಿಕೊಂಡು, ಹಳೆಯ ಪ್ಲಾಸ್ಟಿಕ್ ದೋಣಿಯಲ್ಲಿ, ಐವತ್ತಮೂರನೆಯ ವಯಸ್ಸಿನಲ್ಲಿ, ಒಬ್ಬನೇ ಸುತ್ತಿ ಬಂದೆ. ಮೂರೂಕಾಲು ದಿನ ಹಿಡಿಯಿತು. ಜಿಪಿಎಸ್ ತೋರಿಸಿದ ದೂರ ನೆನಪಿನ ಪ್ರಕಾರ 118 ಕಿಲೋಮೀಟರ್ ಆಸುಪಾಸು. ಒಮ್ಮೆಯೂ ಮಗುಚಲಿಲ್ಲ ಎಂಬುದನ್ನು ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ.

ಏಕೆಂದರೆ ಇದಕ್ಕೆ ಮೊದಲು ಎರಡು ಬಾರಿ ಸೋತಿದ್ದೆ. ಮೊದಲನೆಯ ಸಲ ಐದು ಜನರ ಗುಂಪಿನಲ್ಲಿ, ಹುಣ್ಣಿಮೆಯ ಮರುದಿನ, ಪೆನ್ರಿನ್ ಮೌರ್ ಎಂಬ, ಸಮುದ್ರಕ್ಕೆ ಚಾಚಿದ ನೆಲದ ಮೂಗಿನ ಬಳಿ ನೀರು ನುಗ್ಗುವ ಜಾಗದಲ್ಲಿ ಮಗುಚಿದೆ. ಎರಡು ಸಲ ರೋಲ್ ಮಾಡಲು (ಕೂತಲ್ಲಿಂದಲೇ ದೋಣಿಯನ್ನು ಮತ್ತೆ ನೆಟ್ಟಗಾಗಿಸಲು) ಹೋಗಿ ಎರಡೂ ಸಲ ತಪ್ಪಿ, ಕೊನೆಗೆ ಈಜಿದೆ. ಅಲ್ಲೇ ಹತ್ತಿರದ, ದೀಪಸ್ತಂಭವಿರುವ ಸೌತ್ ಸ್ಟ್ಯಾಕ್ ಸುತ್ತಮುತ್ತ ದೊಡ್ಡ ಭರತದಲ್ಲಿ ಹರಿವು ಐದಾರು ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ಮುಟ್ಟುತ್ತದೆ, ಸಣ್ಣ ನೀರಿನಲ್ಲಿ ಅದರ ಅರ್ಧದಷ್ಟು. ಮೂರೂವರೆ ನಾಟ್ ವೇಗದಲ್ಲಿ ಹುಟ್ಟು ಹಾಕುವ ನನ್ನಂಥವನಿಗೆ ಅಲ್ಲಿ ಬೇಕಾದದ್ದು ವೇಗವಲ್ಲ, ತಪ್ಪಿದರೆ ತಿದ್ದಿಕೊಳ್ಳುವಷ್ಟು ಸಮಯ ಎಂದು ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ತೇಲುತ್ತಿದ್ದಾಗ ನನಗೆ ಹೊಳೆಯಿತು. ಎರಡನೆಯ ಸಲ, ದ್ವೀಪಕ್ಕೂ ವೇಲ್ಸ್‌ನ ಮುಖ್ಯನೆಲಕ್ಕೂ ನಡುವಿನ ಮೆನೈ ಜಲಸಂಧಿಯ ನೈಋತ್ಯ ಬಾಯಿಯಲ್ಲಿ, ಹೊರಹೋಗುವ ಇಳಿತಕ್ಕೆ ನೈಋತ್ಯದ ಗಾಳಿ ಎದುರಾಗಿ, ಅಬರ್‌ಮೆನೈ ಮುಂದಿನ ಮರಳುದಿಣ್ಣೆಯ ಮೇಲೆ ಅಲೆಗಳು ಗೋಡೆಯಂತೆ ನಿಂತಿದ್ದವು. ಅವನ್ನು ನೋಡಿ ದೋಣಿ ತಿರುಗಿಸಿದೆ. ಅಂದು ಟ್ಯಾಕ್ಸಿಗೆ ಕೊಟ್ಟ 40 ಪೌಂಡ್ ಇಂದಿಗೂ ಚುಚ್ಚುತ್ತದೆ.

ಖರ್ಚಿನ ವಿಷಯವನ್ನು ಹೇಳಿಯೇ ಮುಂದೆ ಹೋಗುತ್ತೇನೆ. ದೋಣಿ ಸೆಕೆಂಡ್ ಹ್ಯಾಂಡ್, ಸುಮಾರು 550 ಪೌಂಡ್. ನೀರು ಒಳಹೋಗದ ಉಡುಪಾದ ಡ್ರೈಸೂಟ್ ಕೂಡ ಬಳಸಿದ್ದೇ, 300ರ ಹತ್ತಿರ. ಸಮುದ್ರದಲ್ಲಿ ಮಾತನಾಡಲು ಬಳಸುವ ವಿಎಚ್‌ಎಫ್ ರೇಡಿಯೋ 120. ಇವೆಲ್ಲಕ್ಕಿಂತ ದುಬಾರಿ ಎನಿಸಿದ್ದು ನನ್ನದೇ ಜಾಣತನ. ಕತ್ತಿನ ಲ್ಯಾಟೆಕ್ಸ್ ಪಟ್ಟಿ ಉಜ್ಜಿ ಚರ್ಮ ಕೆಂಪಾಗುತ್ತಿತ್ತು ಎಂದು ಊರಿನ ಅಭ್ಯಾಸದಂತೆ ಕೊಬ್ಬರಿ ಎಣ್ಣೆ ಸವರಿಕೊಂಡೆ. ಎಣ್ಣೆ ಲ್ಯಾಟೆಕ್ಸ್ ಅನ್ನು ತಿಂದುಹಾಕುತ್ತದೆ ಎಂಬುದು ಗೊತ್ತಿರಲಿಲ್ಲ. ಮೂರು ವಾರದಲ್ಲಿ ಪಟ್ಟಿ ಹಲಸಿನ ಮೇಣದಂತೆ ಅಂಟಂಟಾಗಿ, ಒಂದು ಬೆಳಿಗ್ಗೆ ತಲೆ ತೂರಿಸುವಾಗ ಗದ್ದದಿಂದ ಎದೆಯವರೆಗೆ ಹರಿಯಿತು. ಬದಲಿಸಲು 60 ಪೌಂಡ್ ಆಯಿತು.

ದಿನ ಗೊತ್ತುಮಾಡಲು ಪಂಚಾಂಗ ಸಾಕಾಯಿತು. ಸಣ್ಣ ನೀರು ಅಷ್ಟಮಿಯಂದೇ ಬರುವುದಿಲ್ಲ, ಒಂದೆರಡು ದಿನ ತಡವಾಗಿ ಬರುತ್ತದೆ, ಹೀಗಾಗಿ ದಶಮಿ. ಇಲ್ಲಿನ ಭರತದ ಲೆಕ್ಕಕ್ಕೆ ಆಧಾರವಾದ ಲಿವರ್‌ಪೂಲ್‌ನಲ್ಲಿ ದೊಡ್ಡ ಭರತ ಮಧ್ಯಾಹ್ನ ಮತ್ತು ಮಧ್ಯರಾತ್ರಿಯ ಆಸುಪಾಸಿನಲ್ಲಿ ತುಂಬಿದರೆ, ದಶಮಿಯ ಭರತ ಬೇಸಿಗೆಯ ಗಡಿಯಾರದಲ್ಲಿ ಬೆಳಿಗ್ಗೆ ಏಳರ ಹತ್ತಿರ ತುಂಬುತ್ತದೆ. ಜಲಸಂಧಿಯ ಸ್ವೆಲ್ಲೀಸ್ ಎಂಬ ಬಂಡೆಗಳ ಜಾಗದಲ್ಲಿ ನೀರು ನಿಶ್ಚಲವಾಗುವುದು ಅದಕ್ಕೆ ಸುಮಾರು ಎರಡು ಗಂಟೆ ಮೊದಲು. ಟೆಲ್‌ಫರ್ಡ್ 1826ರಲ್ಲಿ ಕಟ್ಟಿದ ತೂಗುಸೇತುವೆಗೂ ಬ್ರಿಟಾನಿಯಾ ಸೇತುವೆಗೂ ನಡುವಿನ ಆ ಬಂಡೆಗಳ ಹರವನ್ನು ಬೆಳಗಿನ ಐದಕ್ಕೆ ದಾಟಿದಾಗ ನೀರು ಕೆರೆಯಂತಿತ್ತು. ದೊಡ್ಡ ಭರತದಲ್ಲಿ ಎಂಟು ನಾಟ್ ಓಡುವ ಜಾಗವದು. ಅಲ್ಲಿಂದ ಇಳಿತವೇ ಕರ್ನಾರ್ವನ್ ಕೋಟೆಯ ಎದುರಿನಿಂದ ಹೊರಗೆ ಬಿಟ್ಟಿತು. ಲಾನ್‌ದ್ವಿನ್ ದ್ವೀಪ, ರೋಸ್‌ನೈಗರ್ ದಾಟಿ ರೋಸ್‌ಕೊಲಿನ್ ಮುಟ್ಟಿದಾಗ ಎರಡು ಗಂಟೆ. ಡೇರೆ ಹಾಕಲು ಒಬ್ಬ ರೈತರ ಅನುಮತಿಯನ್ನು ಮೊದಲೇ ಪಡೆದಿದ್ದೆ. ಜಾಗ ಯಾವುದೆಂದು ಬರೆಯುವುದಿಲ್ಲ, ಬರೆದರೆ ಮುಂದಿನ ವರ್ಷ ನನಗೇ ಸಿಗುವುದಿಲ್ಲ.

ಎರಡನೆಯ ದಿನ ಏಕಾದಶಿ, ಉಪವಾಸ ಮಾತ್ರ ಮಾಡಲಿಲ್ಲ. ಮಧ್ಯಾಹ್ನ ಒಂದರವರೆಗೆ ಏನೂ ಮಾಡದೆ ಕುಳಿತಿರುವುದೇ ಈ ಕ್ರಮದ ಕಷ್ಟದ ಭಾಗ. ಸಮುದ್ರ ತಿಳಿಯಾಗಿದೆ, ಬಿಸಿಲಿದೆ, ಕೈ ತುರಿಸುತ್ತದೆ. ಆದರೆ ಹರಿವು ಇನ್ನೂ ದಕ್ಷಿಣಕ್ಕೆ. ಅದು ಉತ್ತರಕ್ಕೆ ತಿರುಗಲು ಕಾದು, ಪೆನ್ರಿನ್ ಮೌರ್‌ನ ಒಳದಾರಿಯಿಂದ ನುಸುಳಿದೆ. ಆ ಸಂದು ಯಾವಾಗ ತೆರೆಯುತ್ತದೆ ಎಂಬುದಕ್ಕೆ ಒಂದು ಬಂಡೆಯ ಮೇಲೆ ನನ್ನ ಗುರುತಿದೆ, ಅದು ನನ್ನಲ್ಲೇ ಇರಲಿ. ನಾಲ್ಕು ವರ್ಷದ ಹಿಂದೆ ನನ್ನನ್ನು ನುಂಗಿದ ಜಾಗದಲ್ಲಿ ಈ ಸಲ ಮೊಣಕಾಲೆತ್ತರದ ಅಲೆಗಳಿದ್ದವು. 1809ರ ಸೌತ್ ಸ್ಟ್ಯಾಕ್ ದೀಪಸ್ತಂಭದ ಬುಡದಲ್ಲಿ ಗಿಲೆಮಾಟ್ ಹಕ್ಕಿಗಳು ಸಾವಿರಗಟ್ಟಲೆ, ಬಂಡೆಯ ಮೇಲೆ ಸುಣ್ಣ ಬಳಿದಂತೆ ಹಿಕ್ಕೆ, ಕೊಳೆತ ಮೀನಿನ ವಾಸನೆ. ಹೋಲಿಹೆಡ್‌ನಲ್ಲಿ ಎರಡೂಮುಕ್ಕಾಲು ಕಿಲೋಮೀಟರ್ ಉದ್ದದ ಅಲೆತಡೆಯ ಹೊರಗಿನಿಂದ, ಬಂದರಿನವರಿಗೆ ರೇಡಿಯೋದಲ್ಲಿ ತಿಳಿಸಿ, ಡಬ್ಲಿನ್ ಹಡಗೊಂದು ಹೋಗುವವರೆಗೆ ಕಾದು ದಾಟಿದೆ. ಕಾರ್ಮೆಲ್ ಹೆಡ್‌ನಲ್ಲಿ ಮೂಲೆ ತಿರುಗಿದ ಮೇಲೆ ಹರಿವೇ ಪೂರ್ವಕ್ಕೆ ದೂಡಿತು. ಏಳಕ್ಕೆ ಕೆಮ್ಲಿನ್ ಕೊಲ್ಲಿ. ಅಲ್ಲಿನ ಕಲ್ಲುದಿಬ್ಬದ ಹಿಂದೆ ಟರ್ನ್ ಹಕ್ಕಿಗಳು ಮರಿ ಮಾಡುವ ಕಾಲವಾದ್ದರಿಂದ ಪಶ್ಚಿಮದ ತುದಿಯಲ್ಲಿ ಇಳಿದೆ.

ಕಾಯುವ ಗಂಟೆಗಳಲ್ಲಿ ಊಟದ ಪ್ರಯೋಗ ನಡೆಸಿದೆ. ಒಲೆಯನ್ನೇ ಒಯ್ದಿರಲಿಲ್ಲ. ಗೊಜ್ಜವಲಕ್ಕಿಯ ಮಿಶ್ರಣಕ್ಕೆ ತಣ್ಣೀರು ಹಾಕಿ ಡಬ್ಬಿ ಮುಚ್ಚಿ ದೋಣಿಯ ಹಿಂಬದಿಯ ಗೂಡಿನಲ್ಲಿಟ್ಟರೆ ಮುಕ್ಕಾಲು ಗಂಟೆಯಲ್ಲಿ ಹದವಾಗುತ್ತದೆ. ದಪ್ಪ ಅವಲಕ್ಕಿ ನೆನೆಯಲು ಬಿಡದೆ ಅವಸರಪಟ್ಟ ದಿನ ಹಲ್ಲಿಗೆ ಕೆಲಸ. ರಾಗಿ ಹುರಿಹಿಟ್ಟು, ಬೆಲ್ಲ, ತುಪ್ಪದ ಉಂಡೆ ಅಂಗಡಿಯ ಎರಡು ಪೌಂಡಿನ ಎನರ್ಜಿ ಜೆಲ್‌ಗಿಂತ ಹೆಚ್ಚು ಹೊತ್ತು ನಿಲ್ಲುತ್ತದೆ, ಆದರೆ ಒದ್ದೆ ಕೈಯಲ್ಲಿ ಕುಸಿಯುತ್ತದೆ. ಒಂದೊಂದನ್ನೂ ಎಣ್ಣೆಕಾಗದದಲ್ಲಿ ತಿರುಚಿ ಲೈಫ್‌ಜಾಕೆಟ್ ಜೇಬಿಗೆ ಹಾಕಿಕೊಂಡರೆ ಒಂದೇ ಕೈಯಿಂದ ಬಿಚ್ಚಬಹುದು. ಮಡಚುವ ಪುಟ್ಟ ಹಾಯಿಯನ್ನೂ ಕಟ್ಟಿ ನೋಡಿದೆ, ಹತ್ತು ನಿಮಿಷದಲ್ಲಿ ಹುಟ್ಟಿಗೆ ಸುತ್ತಿಕೊಂಡಿತು. ಅದರ 70 ಪೌಂಡ್ ಸಮುದ್ರಪಾಲಾದಂತೆಯೇ ಲೆಕ್ಕ.

ಮೂರನೆಯ ದಿನ ಮಧ್ಯಾಹ್ನ ಮೂರರಿಂದ ಪಾಯಿಂಟ್ ಲೈನಸ್ ಸುತ್ತಿ ಮೊಯೆಲ್ವ್ರೆವರೆಗೆ ಹೇಳುವಂಥದ್ದೇನೂ ನಡೆಯಲಿಲ್ಲ, ಎಡ ಮಣಿಕಟ್ಟು ಊದಿಕೊಂಡದ್ದನ್ನು ಬಿಟ್ಟರೆ. ನಾಲ್ಕನೆಯ ದಿನ ಐದೂವರೆಗೆ ಹೊರಟು, ಭರತ ಜಲಸಂಧಿಯೊಳಗೆ ನುಗ್ಗುವ ಹೊತ್ತಿಗೆ ಪೆನ್‌ಮನ್ ತುದಿಯಲ್ಲಿದ್ದೆ. ಅಲ್ಲಿನ ದೀಪಸ್ತಂಭದ ಮೇಲೆ, ದಡದ ಕಡೆಯಿಂದ ದಾರಿಯಿಲ್ಲ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿದ್ದಾರೆ. ಅದು ಹಡಗಿನವರಿಗೆ, ನಮಗಲ್ಲ. ಹತ್ತಕ್ಕೆ ಮೆನೈ ಸೇತುವೆ. ಜೇಬಿನಲ್ಲೂ ಗೂಡಿನಲ್ಲೂ ಸೇರಿ ಹದಿನಾಲ್ಕು ಉಂಡೆ ಉಳಿದಿದ್ದವು. ಐವತ್ತು ಕಟ್ಟಿದ್ದೆ, ಇನ್ನೊಮ್ಮೆ ಹೋದರೆ ನಲವತ್ತು ಸಾಕು.