ತಿಮಿಂಗಿಲದ ದನಿಗೆ ಕುಣಿದ ರಾಗಿ

ನಾನು ಸಕಲೇಶಪುರ ಕಡೆಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಸಮುದ್ರದೊಳಗಿನ ಗದ್ದಲದ ಬಗ್ಗೆ ವಸ್ತುಪ್ರದರ್ಶನ ಮಾಡೋಣ ಅಂತ ವಿಜ್ಞಾನದ ಮೇಡಂ ಹೇಳಿದಾಗ ನನಗಿದ್ದ ಯೋಚನೆ ಒಂದೇ. ಘಟ್ಟದ ಮೇಲಿನವರಿಗೆ ತಿಮಿಂಗಿಲ ಕಟ್ಟಿಕೊಂಡು ಏನಾಗಬೇಕು? ಅದಕ್ಕೇ ಆನೆಯಿಂದ ಶುರು ಮಾಡಿದೆವು.

ಆನೆ ಇಲ್ಲಿ ಯಾರಿಗೂ ಹೊಸದಲ್ಲ. ನಮ್ಮ ಕಿವಿಗೆ ಸಿಗದಷ್ಟು ತಗ್ಗಿನ ದನಿಯಲ್ಲಿ ಅವು ದೂರದ ಆನೆಗಳ ಜತೆ ಮಾತಾಡುತ್ತವೆ. 1984ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಇದರ ಸುಳಿವು ಹಿಡಿದವರು ಸಂಶೋಧಕಿ ಕೇಟಿ ಪೇನ್. ಅದಕ್ಕೂ ಮುಂಚೆ ಅವರು ಕೆಲಸ ಮಾಡಿದ್ದು ತಿಮಿಂಗಿಲಗಳ ಹಾಡಿನ ಮೇಲೆ. ನಮಗೆ ಬೇಕಾದ ಕೊಂಡಿ ಸಿಕ್ಕಿಬಿಟ್ಟಿತು.

ಫಿನ್ ಅನ್ನುವ ಜಾತಿಯ ತಿಮಿಂಗಿಲದ ದನಿ ಸುಮಾರು 20 ಹರ್ಟ್ಸ್, ಅಂದರೆ ಸೆಕೆಂಡಿಗೆ 20 ಸಲದ ಕಂಪನ. ಮನುಷ್ಯನ ಕಿವಿ ಕೇಳುವುದೇ ಅಲ್ಲಿಂದ ಮೇಲೆ. ಸಮುದ್ರ, ಹವಾಮಾನದ ಅಧ್ಯಯನ ಮಾಡುವ ಅಮೆರಿಕದ ನೋವಾ ಸಂಸ್ಥೆಯ ಜಾಲತಾಣದಲ್ಲಿ ಇಂಥ ದನಿಗಳು ಸಿಗುತ್ತವೆ. ಆದರೆ ನಮಗೆ ಕೇಳಲಿ ಅಂತ ಕೆಲವನ್ನು ಹತ್ತು ಪಟ್ಟು ವೇಗ ಮಾಡಿಟ್ಟಿರುತ್ತಾರೆ. ಅದನ್ನು ಆಡಾಸಿಟಿ ಅನ್ನುವ ಧ್ವನಿ ತಿದ್ದುವ ಸಾಫ್ಟ್‌ವೇರಿನಲ್ಲಿ ಮತ್ತೆ ನಿಧಾನ ಮಾಡಿದೆವು. ಕೇಳದಿದ್ದರೇನಂತೆ, ಕಾಣಲಿ! ಶಾಮಿಯಾನದವರ ಹತ್ತಿರ ದೊಡ್ಡ ವೂಫರ್ ತಂದು ಅಂಗಾತ ಮಲಗಿಸಿ, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, ಒಂದು ಹಿಡಿ ರಾಗಿ ಚೆಲ್ಲಿದೆವು. ತಿಮಿಂಗಿಲ ಕೂಗಿದಾಗ ರಾಗಿ ಒಂದು ಕ್ಷಣ ಎಗರುತ್ತದೆ, ಸುಮ್ಮನಾಗುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಎಗರುತ್ತದೆ. ಮಕ್ಕಳು ಬೇಗ ಎಣಿಸಲು ಕಲಿತರು. ಆಮೇಲೆ ಹಡಗಿನ ಸದ್ದು ಸೇರಿಸಿದೆವು. ರಾಗಿ ಒಂದೇ ಸಮನೆ ಕುದಿಯತೊಡಗಿತು. "ಈಗ ಎಣಿಸ್ರೋ" ಅಂದೆ. ಒಬ್ಬರಿಗೂ ಆಗಲಿಲ್ಲ. ಹಡಗಿನ ಸದ್ದಲ್ಲಿ ತಿಮಿಂಗಿಲಗಳಿಗೂ ಒಂದರ ದನಿ ಇನ್ನೊಂದಕ್ಕೆ ಹೀಗೇ ಸಿಗದಂತಾಗುತ್ತದೆ.

ಅಂಗಳದಲ್ಲಿ ಇದನ್ನೇ ರಂಗೋಲಿ ಮಾಡಿದೆವು. ಎಡದಿಂದ ಬಲಕ್ಕೆ ಹೊತ್ತು, ಕೆಳಗಿನಿಂದ ಮೇಲಕ್ಕೆ ಸ್ವರದ ಎತ್ತರ. ಕೆಳಗೆ ತಿಮಿಂಗಿಲದ ಬಿಳಿ ಗೆರೆಗಳು. ಅದರ ಮೇಲೆ ಹಡಗಿನ ಸದ್ದು ಅಂತ ಇದ್ದಿಲ ಪುಡಿ ಎರಚಿದೆವು. ಅಂಚಿಗೆ ಹಳೇಬೀಡಿನ ಮಕರಗಳ ಸಾಲು. ಅದು ನನ್ನ ಆಸೆ, ವಿಜ್ಞಾನಕ್ಕೂ ಅದಕ್ಕೂ ಸಂಬಂಧ ಇಲ್ಲ.

ಒಬ್ಬ ತೋಟದವರು ಕೇಳಿದರು, "ಹಾಗಂತ ಹಡಗು ನಿಲ್ಲಿಸೋಕಾಗುತ್ತಾ ಮೇಷ್ಟ್ರೇ? ನಮ್ಮ ಕಾಫಿನೂ ಮಂಗಳೂರಿಂದ ಹಡಗಲ್ಲೇ ಹೋಗೋದು." ನಿಜ ಅಲ್ವಾ? ನಿಲ್ಲಿಸಬೇಕಿಲ್ಲ ಅಂದೆ. ಪ್ರೊಪೆಲ್ಲರ್ ಜೋರಾಗಿ ತಿರುಗಿದಾಗ ನೀರಲ್ಲಿ ಗುಳ್ಳೆ ಎದ್ದು ಒಡೆಯುತ್ತವೆ, ಸದ್ದು ಜಾಸ್ತಿ ಬರುವುದು ಅಲ್ಲಿಂದಲೇ. ಬಹಳಷ್ಟು ಹಡಗುಗಳು ವೇಗ ಇಳಿಸಿದರೆ ಸದ್ದೂ ಇಳಿಯುತ್ತದೆ. ಎಣ್ಣೆ ಚೆಲ್ಲಿದರೆ ವರ್ಷಗಟ್ಟಲೆ ಉಳಿದೀತು, ಸದ್ದು ಹಾಗಲ್ಲ.

ಅದಕ್ಕೊಂದು ಸಾಕ್ಷಿಯನ್ನೂ ಹೇಳಿದೆ. 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ಕೆನಡಾದ ಫಂಡಿ ಕೊಲ್ಲಿಯಲ್ಲಿ ಹಡಗು ಸಂಚಾರ ಕಡಿಮೆಯಾಯಿತು. ನೀರೊಳಗಿನ ಸದ್ದು 6 ಡೆಸಿಬೆಲ್ ಇಳಿಯಿತು. ಅಲ್ಲಿನ ರೈಟ್ ಅನ್ನುವ ಜಾತಿಯ ತಿಮಿಂಗಿಲಗಳ ಮೈಯಲ್ಲಿ ಒತ್ತಡದ ಹಾರ್ಮೋನೂ ಇಳಿದಿತ್ತು. ಸಂಶೋಧಕಿ ರೊಸಾಲಿಂಡ್ ರೋಲಂಡ್ ತಂಡ ಇದನ್ನು ಪತ್ತೆ ಮಾಡಿದ್ದು ತಿಮಿಂಗಿಲದ ಲದ್ದಿಯಿಂದ. ನೀರಲ್ಲಿ ತೇಲುವ ಲದ್ದಿ ಹುಡುಕಲು ಮೂಸುವ ನಾಯಿಗಳನ್ನೂ ಬಳಸುತ್ತಾರೆ ಅಂದೆ. ಅಷ್ಟೇ, ಮುಂದಿನ ಪ್ರಶ್ನೆಯೆಲ್ಲ ನಾಯಿಯದ್ದೇ. ಈಗ ಒಂಬತ್ತನೇ ಕ್ಲಾಸಿನವರು ದೋಣಿಯ ತುದಿಗೆ ನಾಯಿ ಕೂರಿಸಿ ಚಿತ್ರ ಬರೆಯುತ್ತಿದ್ದಾರೆ.