ಎಸ್‌ಎಸ್‌ಡಿ ಕ್ಯಾಶ್ ಹಾಕಿದರೂ ಬರೆಯುವುದು (ರೈಟ್) ನಿಧಾನವೇ? ಮೋಡ್ ನೋಡಿ
ಉಡುಪಿಯ ನಮ್ಮ ಸ್ಟುಡಿಯೋದ ಲಿನಕ್ಸ್ ಸರ್ವರ್‌ಗೆ ಬಿಕ್ಯಾಶ್ (ನಿಧಾನದ ಹಾರ್ಡ್‌ಡಿಸ್ಕ್‌ಗೆ ವೇಗದ ಎಸ್‌ಎಸ್‌ಡಿಯನ್ನು ಕ್ಯಾಶ್, ಅಂದರೆ ತಾತ್ಕಾಲಿಕ ಸಂಗ್ರಹ, ಮಾಡಿಕೊಡುವ ಲಿನಕ್ಸ್ ಸೌಲಭ್ಯ) ಮೂಲಕ ಎಸ್‌ಎಸ್‌ಡಿ ಕ್ಯಾಶ್ ಹಾಕಿದ್ದೆ, ಆದರೂ ಮದುವೆ ವಿಡಿಯೋ ಕಾಪಿ ಮಾಡುವಾಗ ವೇಗ ಹಳೆಯ ಹಾರ್ಡ್‌ಡಿಸ್ಕ್‌ನಷ್ಟೇ ಇತ್ತು. ನಿಮಗೂ ಹೀಗಾದರೆ ಸುಮ್ನೆ ಎಸ್‌ಎಸ್‌ಡಿ ಬದಲಾಯಿಸಬೇಡಿ. ಮೊದಲು ಕ್ಯಾಶ್ ಮೋಡ್, ಅಂದರೆ ಬರೆಯುವಾಗ ಕ್ಯಾಶ್ ಹೇಗೆ ಕೆಲಸ ಮಾಡಬೇಕು ಎನ್ನುವ ಸೆಟ್ಟಿಂಗ್, ನೋಡಿ. ಡಿಫಾಲ್ಟ್ ಆಗಿ ಅದು ರೈಟ್‌ಥ್ರೂ ಇರುತ್ತದೆ, ಅಂದರೆ ಹಾರ್ಡ್‌ಡಿಸ್ಕ್ ಬರೆದು ಮುಗಿಸುವ ತನಕ ಕಾಯಲೇಬೇಕು, ಲಾಭ ಓದುವುದಕ್ಕೆ ಮಾತ್ರ. ರೈಟ್‌ಬ್ಯಾಕ್ ಮಾಡಿದರೆ ಎಸ್‌ಎಸ್‌ಡಿಗೆ ಬಿದ್ದರೆ ಸಾಕು, ಹಾರ್ಡ್‌ಡಿಸ್ಕ್‌ಗೆ ಆಮೇಲೆ ಇಳಿಯುತ್ತದೆ.

ಆಮೇಲೂ ದೊಡ್ಡ ಫೈಲ್ ನಿಧಾನವೇ? ಸೀಕ್ವೆನ್ಷಿಯಲ್ ಕಟಾಫ್ ಎನ್ನುವ ಮಿತಿ ಡಿಫಾಲ್ಟ್ ಆಗಿ 4 ಎಂಬಿ ಇರುತ್ತದೆ, ಒಂದೇ ಸಮನೆ ಅದಕ್ಕಿಂತ ಜಾಸ್ತಿ ಬರೆದರೆ ಕ್ಯಾಶ್ ಬಿಟ್ಟು ಸೀದಾ ಹಾರ್ಡ್‌ಡಿಸ್ಕ್‌ಗೆ ಹೋಗುತ್ತದೆ. ಅದನ್ನು 0 ಮಾಡಿ, ಆಗ ಈ ಮಿತಿಯೇ ಇರುವುದಿಲ್ಲ.

ಆದರೆ ರೈಟ್‌ಬ್ಯಾಕ್‌ನಲ್ಲಿ ಎಸ್‌ಎಸ್‌ಡಿ ಕೈಕೊಟ್ಟರೆ, ಇನ್ನೂ ಹಾರ್ಡ್‌ಡಿಸ್ಕ್‌ಗೆ ಇಳಿಯದ ಡೇಟಾ ಹೋದ ಹಾಗೆಯೇ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಗೋದು ಜಾಸ್ತಿ ಅಲ್ವಾ, ಯುಪಿಎಸ್ ಮತ್ತು ಬೇರೆ ಡಿಸ್ಕ್‌ನಲ್ಲಿ ಬ್ಯಾಕಪ್ ಇಲ್ಲದೆ ದಯವಿಟ್ಟು ಇದನ್ನು ಮಾಡಬೇಡಿ.